ಡೈನೋಸಾರ್ ನೋಡಲು ಹೋಗುವ ಮೊದಲು

ಬೋಧನಾಭ್ಯಾಸದ ಅವಧಿಯಲ್ಲಿ ಒಮ್ಮೆ ವಿಟ್ಲ ಸಮೀಪದ ಶಾಲೆಯೊಂದರ ಎರಡನೇ ತರಗತಿಯ ಮಕ್ಕಳನ್ನು ಮಂಗಳೂರಿನಲ್ಲಿ ಹಾಕಿದ್ದ ಡೈನೋಸಾರ್ ಪ್ರದರ್ಶನಕ್ಕೆ ಕರೆದೊಯ್ದಿದ್ದೆವು. ಬಾಗಿಲು ದಾಟುತ್ತಿದ್ದಂತೆ ಅರೆಗತ್ತಲಲ್ಲಿ ಮೊದಲ ಬೊಂಬೆ ಕತ್ತು ತಿರುಗಿಸಿ ಘರ್ಜಿಸಿತು. ಒಬ್ಬ ಹುಡುಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ತುಳುವಿನಲ್ಲಿ, ‘ಉಂದೆಕ್ಕ್ ಜೀವ ಉಂಡಾ?’ ಎಂದು ಅಳತೊಡಗಿದ. ಇದಕ್ಕೆ ಜೀವ ಇದೆಯಾ ಎಂದು ಕೇಳುತ್ತಿದ್ದಾನೆ. ಸಮಾಧಾನ ಮಾಡುವ ಅವಸರದಲ್ಲಿ ನಾನು, ‘ಇಲ್ಲ ಮಗಾ, ಇದೆಲ್ಲ ಸುಳ್ಳು’ ಎಂದುಬಿಟ್ಟೆ. ಅಳು ನಿಂತಿತು. ಮರುದಿನ ಪ್ರಶಿಕ್ಷಣಾರ್ಥಿ ತರಗತಿಯಲ್ಲಿ ‘ನಿನ್ನೆ ಏನು ನೋಡಿದಿರಿ?’ ಎಂದು ಕೇಳಿದಾಗ ಅದೇ ಹುಡುಗ ಎದ್ದು ನಿಂತು, ‘ಡೈನೋಸಾರ್ ಅಂತ ಇಲ್ಲವೇ ಇಲ್ಲ. ಸುಳ್ಳು. ಸರ್ ಹೇಳಿದ್ದಾರೆ’ ಎಂದ.

ಬಸ್ಸಿನ ಬಾಡಿಗೆ ಕೊಟ್ಟು, ಪೋಷಕರ ಒಪ್ಪಿಗೆ ಪತ್ರ ತಂದು, ಒಂದು ದಿನದ ಪಾಠ ಬಿಟ್ಟು ಹೋಗಿ ಮಕ್ಕಳಿಗೆ ಕಲಿಸಿದ್ದು ಇದು. ತಪ್ಪು ನನ್ನದೇ. ಅಲ್ಲಿ ಹೇಳಬೇಕಾಗಿದ್ದ ಮಾತು ನಮ್ಮ ಊರಿನಲ್ಲೇ ಇತ್ತು. ನವರಾತ್ರಿಯಲ್ಲಿ ತಾಸೆಯ ಸದ್ದು ಕೇಳಿದರೆ ಆರು ವರ್ಷದ ಮಗು ಬಾಗಿಲ ಹಿಂದೆ ಓಡುತ್ತದೆ. ಹುಲಿವೇಷದ ಒಳಗಿರುವುದು ಆಚೆಮನೆಯ ಮಾವ ಎಂದೂ ಅದಕ್ಕೆ ಗೊತ್ತು. ವೇಷ ಬೇರೆ, ಕಾಡಿನ ಹುಲಿ ಬೇರೆ, ಆದರೆ ಹುಲಿ ಸುಳ್ಳಲ್ಲ ಎಂಬ ತಿಳಿವಳಿಕೆ ಮಗುವಿನಲ್ಲಿ ಆಗಲೇ ಇದೆ. ಹಾಗಾಗಿ ಈಗ ನಾವು ಹೇಳುವುದು ಇಷ್ಟು: ‘ಇದು ಡೈನೋಸಾರಿನ ವೇಷ. ಒಳಗೆ ಮೋಟಾರು ಇದೆ. ನಿಜವಾದ ಡೈನೋಸಾರ್ ಬಹಳ ಹಿಂದೆ ಇತ್ತು, ಈಗ ಇಲ್ಲ.’ ಹೆದರಿದ ಮಗುವಿಗೆ ಮೋಟಾರಿನ ಸದ್ದನ್ನು ಕೇಳಿಸಿ, ವೈರು ಎಲ್ಲಿಂದ ಬಂದಿದೆ ಎಂದು ತೋರಿಸಿದರೆ ಹೆಚ್ಚಿನ ಸಲ ಭಯ ಕುತೂಹಲವಾಗುತ್ತದೆ. ಆಗದಿದ್ದರೆ ಮಗುವನ್ನು ಹೊರಗೆ ಕರೆತನ್ನಿ. ‘ಧೈರ್ಯ ಬರಲಿ’ ಎಂದು ಬೊಂಬೆಯ ಬಳಿ ನಿಲ್ಲಿಸಿ ಫೋಟೋ ತೆಗೆಯುವುದನ್ನು ನಾನು ಒಪ್ಪುವುದಿಲ್ಲ.

ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯಲ್ಲಿ ‘ಐದು ಡೈನೋಸಾರುಗಳ ಹೆಸರು ಹೇಳುವರು’ ಎಂಬ ಕಲಿಕಾ ಫಲ ತಪ್ಪದೆ ಇರುತ್ತದೆ. ಅದನ್ನು ಹೊಡೆದು ಹಾಕಿ. ಟಿವಿ ನೋಡುವ ಮಕ್ಕಳಿಗೆ ನಮಗಿಂತ ಹೆಚ್ಚು ಹೆಸರು ಗೊತ್ತು. ಅವರಿಗೆ ಗೊತ್ತಿಲ್ಲದ್ದು, ನಾವೂ ಕೇಳಿಕೊಳ್ಳದ್ದು, ಒಂದೇ: ಯಾರೂ ಕಾಣದ ಈ ಪ್ರಾಣಿ ಹೀಗೆ ಇತ್ತೆಂದು ಹೇಗೆ ಗೊತ್ತಾಯಿತು?

ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಅಲುಗಾಡುವ, ಘರ್ಜಿಸುವ ಸ್ಪೈನೋಸಾರಸ್ಸನ್ನು ನೋಡಿರುತ್ತೀರಿ. ಅದರ ಮೂಳೆಗಳು ಮೊದಲು ಸಿಕ್ಕಿದ್ದು ಈಜಿಪ್ಟಿನ ಮರುಭೂಮಿಯಲ್ಲಿ, 1912ರಲ್ಲಿ. ಜರ್ಮನಿಯ ಸ್ಟ್ರೋಮರ್ 1915ರಲ್ಲಿ ಹೆಸರಿಟ್ಟರು. 1944ರಲ್ಲಿ ಮ್ಯೂನಿಕ್ ಮೇಲೆ ಬಾಂಬು ಬಿದ್ದಾಗ ಆ ಮೂಳೆಗಳು ನಾಶವಾದವು. ಚಿತ್ರ, ಬರಹ ಉಳಿದವು. ಮುಂದೆ ಮೊರಾಕ್ಕೊದಲ್ಲಿ ಹೊಸ ಮೂಳೆಗಳು ಸಿಕ್ಕಿ, ಬಾಲ ಹುಟ್ಟಿನಂತೆ ಅಗಲವಾಗಿತ್ತೆಂದು 2020ರಲ್ಲಿ ಪ್ರಕಟವಾಯಿತು. ಅಂದರೆ ಅದಕ್ಕೂ ಮೊದಲು ಮಾಡಿದ ಬೊಂಬೆಗಳ ಬಾಲ ತಪ್ಪು. ದನಿಯಂತೂ ಮೂಳೆಯಲ್ಲಿ ಉಳಿಯುವುದಿಲ್ಲ. ಘರ್ಜನೆ ಪೂರಾ ಊಹೆ. ಪುಕ್ಕವಿದ್ದ ಕೆಲವು ಜಾತಿಗಳನ್ನು ಬಿಟ್ಟರೆ ಬಣ್ಣವೂ ಹೆಚ್ಚಾಗಿ ಊಹೆಯೇ. ಎರಡನೇ ತರಗತಿಗೆ ಇಷ್ಟೆಲ್ಲ ಹೇಳಬೇಕಿಲ್ಲ, ಶಿಕ್ಷಕರಿಗೆ ಗೊತ್ತಿದ್ದರೆ ಸಾಕು. ಮಕ್ಕಳಿಗೆ ‘ಇದರಲ್ಲಿ ಯಾವುದು ಮೂಳೆ ನೋಡಿ ಮಾಡಿದ್ದು, ಯಾವುದು ಅಂದಾಜಿಗೆ ಮಾಡಿದ್ದು?’ ಎಂಬ ಒಂದು ಪ್ರಶ್ನೆ ಕೊಟ್ಟು ಕಳುಹಿಸಿ.

ಈ ಪ್ರಶ್ನೆ ಫಲಿಸಬೇಕಾದರೆ ಹೋಗುವ ಮೊದಲಿನ ವಾರ ಮುಖ್ಯ. ಶಾಲೆಯ ಜಗಲಿಯಲ್ಲೋ ಮನೆಯಂಗಳದಲ್ಲೋ ಸಿಮೆಂಟು ಒಣಗುವ ಮೊದಲು ನಾಯಿ ನಡೆದ ಗುರುತು ಇದ್ದೇ ಇರುತ್ತದೆ. ನಾಯಿ ಈಗ ಇಲ್ಲ, ಹೆಜ್ಜೆ ಇದೆ. ಯಾವ ಕಡೆ ಹೋಯಿತು, ಓಡಿತೋ ನಡೆಯಿತೋ ಎಂದು ಮಕ್ಕಳೇ ಹೇಳುತ್ತಾರೆ. ಪಳೆಯುಳಿಕೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣವನ್ನು ನಾನು ಕಂಡಿಲ್ಲ. ಕೋಳಿ ಸಾಕಿದ ಮನೆಯ ಮಗುವಿಗೆ ಕೋಳಿಯ ಕಾಲನ್ನು ನೋಡಿ ಚಿತ್ರ ಬರೆದು ತರಲು ಹೇಳಿ. ಹಕ್ಕಿಗಳು ಡೈನೋಸಾರುಗಳ ವಂಶದಲ್ಲಿ ಉಳಿದುಕೊಂಡ ಕವಲು ಎನ್ನುತ್ತಾರೆ ವಿಜ್ಞಾನಿಗಳು. ಅದನ್ನು ಮೊದಲೇ ಹೇಳಬೇಡಿ, ಪ್ರದರ್ಶನದಲ್ಲಿ ಬೊಂಬೆಯ ಕಾಲು ನೋಡಿ ಅವರೇ ಕೂಗಲಿ.

ಗಾತ್ರಕ್ಕೆ ಮೀಟರು ಉಪಯೋಗವಿಲ್ಲ, ಅಡಿಕೆ ಮರ ಬೇಕು. ನಮ್ಮ ದೇಶದ ಬಾರಾಪಾಸಾರಸ್ ಸುಮಾರು 14 ಮೀಟರ್ ಉದ್ದ. ಅಷ್ಟು ಉದ್ದದ ಹಗ್ಗವನ್ನು ಮೈದಾನದಲ್ಲಿ ಹಾಸಿ ಮಕ್ಕಳನ್ನು ಕೈ ಚಾಚಿ ನಿಲ್ಲಿಸಿದರೆ ಹನ್ನೊಂದು–ಹನ್ನೆರಡು ಮಂದಿ ಬೇಕಾಗುತ್ತದೆ. ‘ಗಾಳಿಗೆ ಬಿದ್ದ ಅಡಿಕೆ ಮರದಷ್ಟು’ ಎಂದು ಒಂದು ಮಗು ಹೇಳಿದ ಮೇಲೆ ನಾವು ವಿವರಿಸಲು ಏನೂ ಉಳಿಯಲಿಲ್ಲ.

ಕಾಲದ ವಿಷಯ ಕಷ್ಟ. ‘ಡೈನೋಸಾರನ್ನು ಭೀಮ ಕೊಂದದ್ದಾ?’ ಎಂದು ಕೇಳುವ ವಯಸ್ಸು ಅದು. ಮೂರನೇ ತರಗತಿಯಾದರೆ ಒಂದು ಹೆಜ್ಜೆಗೆ ಒಂದು ಲಕ್ಷ ವರ್ಷ ಎಂದು ನಡೆಸಿ ನೋಡಬಹುದು: ಡೈನೋಸಾರುಗಳು ಅಳಿದು ಸುಮಾರು 6.6 ಕೋಟಿ ವರ್ಷ, ಅಂದರೆ 660 ಹೆಜ್ಜೆ. ನಮ್ಮಂಥ ಮನುಷ್ಯರು ಬಂದದ್ದು ಕೊನೆಯ ಮೂರು ಹೆಜ್ಜೆಯಲ್ಲಿ. ಚಿಕ್ಕವರಿಗೆ ‘ಆಗ ಮನುಷ್ಯರೇ ಇರಲಿಲ್ಲ’ ಎಂದರೆ ಸಾಕು.

ಭೇಟಿಯ ದಿನ ಐದಾರು ಮಕ್ಕಳಿಗೆ ಒಬ್ಬ ಹಿರಿಯರಿರಲಿ. ಶಿಕ್ಷಕರೊಬ್ಬರು ಮುಂಚಿತವಾಗಿ ಹೋಗಿ ಸದ್ದು, ಕತ್ತಲೆ, ಶೌಚಾಲಯ ನೋಡಿ ಬರಲಿ. ಎಲ್ಲ ಬೊಂಬೆಗಳನ್ನೂ ತೋರಿಸಬೇಕಿಲ್ಲ. ಮೂರರ ಮುಂದೆ ಕೂತು ಚಿತ್ರ ಬರೆಸಿ.

ಮರಳಿ ಬಂದ ಮೇಲೆ ಖಂಡಿತ ಬರುವ ಪ್ರಶ್ನೆ, ‘ನಮ್ಮ ಊರಲ್ಲಿ ಇತ್ತಾ?’ ಇದಕ್ಕೆ ಸಿದ್ಧರಾಗಿರಿ. ಮೂಳೆ ಉಳಿಯಬೇಕಾದರೆ ಕೆಸರು, ಮರಳು ಪದರ ಪದರವಾಗಿ ಕೂತು ಕಲ್ಲಾಗಬೇಕು. ನಮ್ಮ ಕಗ್ಗಲ್ಲು 250 ಕೋಟಿ ವರ್ಷಗಳಿಗೂ ಹಳೆಯದು. ಡೈನೋಸಾರ್ ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಮನೆ ಕಟ್ಟುವ ಕೆಂಪುಕಲ್ಲು ಮಳೆ, ಬಿಸಿಲಿಗೆ ಬಂಡೆ ಸವೆದು ಆದದ್ದು, ಮೂಳೆಯನ್ನು ಕಾಪಾಡುವ ಕಲ್ಲಲ್ಲ. ಹಾಗಾಗಿ ಇಲ್ಲಿ ಸಿಕ್ಕಿಲ್ಲ ಎಂದರೆ ಇರಲಿಲ್ಲ ಎಂದಲ್ಲ. ಮಲ್ಪೆಯ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನೋಡಿದ ಮಕ್ಕಳಿದ್ದರೆ ಹೇಳಿ: ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವಾಗ ಉಕ್ಕಿದ ಲಾವಾ ತಣಿದು ಆದ ಕಲ್ಲು ಅದು. ಆಗ ಭೂಮಿಯ ಮೇಲೆ ಡೈನೋಸಾರುಗಳು ಓಡಾಡುತ್ತಿದ್ದವು.

ಮೂಳೆ ಸಿಕ್ಕಿದ ಊರುಗಳು ದೂರವೇನಲ್ಲ. ಗೋದಾವರಿ ಕಣಿವೆಯಲ್ಲಿ ಬಾರಾಪಾಸಾರಸ್ಸನ್ನು ಅಗೆದದ್ದು ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ಕಾಲ. ಹೆಸರಿನ ಕೊನೆಗೆ ‘ಟಾಗೋರಿ’ ಸೇರಿತು. ಅಸ್ಥಿಪಂಜರ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದೆ. ಕೋಟಾಸಾರಸ್ಸಿನದು ಹೈದರಾಬಾದಿನ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಗುಜರಾತಿನಲ್ಲಿ ಸಿಕ್ಕಿದ ರಾಜಾಸಾರಸ್ಸಿಗೆ 2003ರಲ್ಲಿ ಹೆಸರಾಯಿತು. ಜಾತ್ರೆಯಂತೆ ಬಂದು ಹೋಗುವ ಪ್ರದರ್ಶನಗಳಲ್ಲಿ ನಾನು ಇವನ್ನು ಕಂಡಿಲ್ಲ, ಅಮೆರಿಕದವೇ ತುಂಬಿರುತ್ತವೆ.

ಇನ್ನೊಂದು ತಂಡದೊಂದಿಗೆ ಮತ್ತೆ ಹೋದಾಗ ಕೋಳಿಕಾಲಿನ ಚಿತ್ರ ಬರೆದಿದ್ದ ಹುಡುಗಿಯೊಬ್ಬಳು ಟಿರಾನೊಸಾರಸ್ಸಿನ ಬೊಂಬೆಯ ಹಿಂದೆ ಹೋಗಿ ಬಗ್ಗಿ ನೋಡಿದಳು. ‘ಸರ್, ಕೋಳಿಗೆ ಹಿಂದೆ ಒಂದು ಬೆರಳಿದೆ, ಇದಕ್ಕಿಲ್ಲ. ಮಾಡಿದವರು ಮರೆತಿದ್ದಾರೆ’ ಎಂದಳು. ನನಗೆ ಗೊತ್ತಿರಲಿಲ್ಲ. ಕಾಲೇಜಿಗೆ ಬಂದು ಪುಸ್ತಕ ತೆಗೆದು ನೋಡಿದೆ. ಟಿರಾನೊಸಾರಸ್ಸಿಗೂ ಹಿಂದೆ ಒಂದು ಚಿಕ್ಕ ಬೆರಳಿತ್ತು.