ಮದ್ದಿಗೆ ಹೆದರುವುದಲ್ಲ, ಹೊತ್ತು ನೋಡಿ ಕೊಡುವುದು

‘ನಾವೆಲ್ಲ ಹೆತ್ತಿಲ್ಲವೇ, ತಡ್ಕೋ.’ ಬೇನೆ ತಿನ್ನುತ್ತಿರುವ ಹೆಣ್ಣುಮಗಳು ನೋವಿಗೆ ಏನಾದರೂ ಕೊಡಿ ಎಂದರೆ ಸಾಮಾನ್ಯವಾಗಿ ಸಿಗುವ ಉತ್ತರ ಇದು. ಮದ್ದು ಕೊಟ್ಟರೆ ಮಗುವಿಗೇನಾದೀತೋ ಎಂಬ ಅಂಜಿಕೆಯೂ ಅದರ ಹಿಂದಿರುತ್ತದೆ. ಅಂಜಿಕೆ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ತಾಯಿಯನ್ನು ನರಳಲು ಬಿಡುವುದಲ್ಲ.

1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆ ನೋವು ತಗ್ಗಿಸಲು ಈಥರ್, ಕ್ಲೋರೊಫಾರ್ಮ್ ಬಳಸಿದರು. ತಾಯಿಗೆ ಕೊಟ್ಟ ಮದ್ದು ಕೂಸನ್ನು ಎಷ್ಟು ಮಂಕಾಗಿಸುತ್ತದೆ ಎಂದು ಅಳೆಯುವ ಸರಳ ದಾರಿ ಸಿಕ್ಕಿದ್ದು ನೂರು ವರ್ಷದ ಬಳಿಕ, ನ್ಯೂಯಾರ್ಕಿನ ಅರಿವಳಿಕೆ ತಜ್ಞೆ ವರ್ಜೀನಿಯಾ ಆಪ್ಗಾರ್ ಅವರಿಂದ. ಹುಟ್ಟಿದ ಒಂದು ನಿಮಿಷಕ್ಕೆ ಮಗುವಿನ ಎದೆಬಡಿತ, ಉಸಿರಾಟ, ಕೈಕಾಲಿನ ಬಿಗುವು, ಕೆಣಕಿದಾಗಿನ ಪ್ರತಿಕ್ರಿಯೆ, ಮೈಬಣ್ಣ ನೋಡಿ ಒಂದೊಂದಕ್ಕೆ 0ಯಿಂದ 2 ಅಂಕ ಕೊಡುವ ಪದ್ಧತಿಯನ್ನು ಅವರು 1953ರಲ್ಲಿ ಪ್ರಕಟಿಸಿದರು. ಇಂದು ಐದನೇ ನಿಮಿಷಕ್ಕೂ ಅದೇ ಪರೀಕ್ಷೆ ನಡೆಯುತ್ತದೆ.

ಉದಾಹರಣೆಗೆ, ಹೆರಿಗೆ ನೋವಿಗೆ ಕೊಡುವ ಪೆಥಿಡಿನ್ ಇಂಜೆಕ್ಷನ್ ನೋಡಿ. ತಾಯಿಯ ರಕ್ತದಿಂದ ಮಾಸಿನ ಮೂಲಕ ಅದು ಮಗುವನ್ನು ಸೇರುತ್ತದೆ. ಕೊಟ್ಟ ಎರಡು–ಮೂರು ಗಂಟೆಯ ಸುಮಾರಿಗೆ ಹೆರಿಗೆಯಾದರೆ ಮಗುವಿನ ಉಸಿರಾಟ ಕುಗ್ಗುವ ಸಾಧ್ಯತೆ ಹೆಚ್ಚು. ಮದ್ದಿನ ಅಂಶ ಎಳೆಮೈಯಿಂದ ಹೊರಹೋಗಲು ದಿನಗಳೇ ಬೇಕು; ಮಗು ತೂಕಡಿಸುತ್ತ ಮೊಲೆ ಸರಿಯಾಗಿ ಚೀಪದಿರಬಹುದು. ಆದ್ದರಿಂದ ಸೂಜಿ ಕೊಟ್ಟ ಹೊತ್ತನ್ನು ಕೇಸ್‌ಶೀಟಿನಲ್ಲಿ ಬರೆಯಲೇಬೇಕು. ಮಗುವಿನ ಮೂಗು–ಬಾಯಿಗೆ ಮಾಸ್ಕ್ ಇಟ್ಟು ಉಸಿರು ಕೊಡಬಲ್ಲವರು ಹೆರಿಗೆ ಕೋಣೆಯಲ್ಲಿರಬೇಕು.

ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್‌ನಲ್ಲಿ ಮಗುವಿಗೆ ತಲುಪುವ ಮದ್ದು ತೀರಾ ಕಡಿಮೆ. ಆದರೆ ತಾಯಿಯ ಬಿಪಿ ಇಳಿದರೆ ಮಗುವಿಗೆ ಹೋಗುವ ರಕ್ತವೂ ತಗ್ಗುತ್ತದೆ, ಹಾಗಾಗಿ ಬಿಪಿಯನ್ನೂ ಮಗುವಿನ ಎದೆಬಡಿತವನ್ನೂ ಆಗಾಗ ನೋಡುತ್ತಿರಬೇಕು. ಮುಕ್ಕುವ ಹಂತ ತುಸು ಉದ್ದವಾಗಬಹುದು. ಎಪಿಡ್ಯೂರಲ್‌ನಿಂದ ಸಿಸೇರಿಯನ್ ಹೆಚ್ಚುತ್ತದೆ, ಸೊಂಟನೋವು ಜೀವಮಾನವಿಡೀ ಕಾಡುತ್ತದೆ ಎಂಬ ಮಾತುಗಳಿಗೆ ಅಧ್ಯಯನಗಳ ಆಧಾರವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ, ನೋವು ನಿವಾರಣೆ ಬಯಸುವ ಆರೋಗ್ಯವಂತ ಗರ್ಭಿಣಿಗೆ ಎಪಿಡ್ಯೂರಲ್ ಕೊಡಬಹುದು ಎನ್ನುತ್ತದೆ. ಉಸಿರಾಟದ ಅಭ್ಯಾಸ, ಬೆನ್ನು ನೀವುವುದು, ತನಗೆ ಬೇಕಾದವರನ್ನು ಜೊತೆಗಿಟ್ಟುಕೊಳ್ಳುವುದನ್ನೂ ಅದು ಹೇಳುತ್ತದೆ. ಏಳೆಂಟು ತಿಂಗಳಿನ ತಪಾಸಣೆಗೆ ಹೋದಾಗಲೇ ಕೇಳಿ: ಇಲ್ಲಿ ಯಾವ ಮದ್ದಿದೆ? ರಾತ್ರಿಯೂ ಅರಿವಳಿಕೆ ವೈದ್ಯರಿರುತ್ತಾರೆಯೇ? ಹುಟ್ಟಿದ ಮಗುವನ್ನು ಯಾರು ನೋಡುತ್ತಾರೆ? ಬೇಡವೆನ್ನುವ ಹಕ್ಕು ತಾಯಿಗಿದೆ. ಬೇಕೆಂದಾಗ ಸುರಕ್ಷಿತವಾಗಿ ಕೊಡುವ ಹೊಣೆ ಆಸ್ಪತ್ರೆಯದು.