ಕ್ಲಚ್ಚಿನ ಎಣ್ಣೆ ಸೋರಿದಾಗ

ಬೈಕಿನ ರಿಪೇರಿ ಗಂಡಸರ ಪಾಡು, ನಮಗೇಕೆ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಕಳೆದ ಮಳೆಗಾಲದಲ್ಲಿ ಅಣ್ಣನ ಮಗ ಬೆಂಗಳೂರಿನಿಂದ ದೊಡ್ಡ ಬೈಕು ಹತ್ತಿ, ಜೋಗ ನೋಡಿಕೊಂಡು, ಸಿದ್ದಾಪುರದ ಮೇಲೆ ಶಿರಸಿಗೆ ನಮ್ಮ ಮನೆಗೆ ಬಂದ. ಬಂದವನೇ "ಅತ್ತೇ, ಗೇರೇ ಬೀಳ್ತಿಲ್ಲೆ" ಅಂದ. ಎಡಗೈಯ ಕ್ಲಚ್ ಹಿಡಿಕೆ ಮೆತ್ತಗಾಗಿ ಹ್ಯಾಂಡಲ್ಲಿಗೇ ತಾಗುತ್ತಿತ್ತು. ಬೆಳಗ್ಗೆ ನೋಡಿದರೆ ಕೊಟ್ಟಿಗೆ ಮಾಡಿನಡಿ ಅಂಗೈಯಗಲ ಎಣ್ಣೆ!

ಅವನಿಗೋ ಅಂದೇ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗುವ ಅವಸರ. ನಮ್ಮನೆಯವರು "ಸ್ವಲ್ಪ ಇಂಜಿನ್ ಆಯಿಲ್ ಹೊಯ್ಕೊಂಡು ಹೋಗು" ಅಂದುಬಿಟ್ಟರು. ನನಗೆ ಧೈರ್ಯ ಬರಲಿಲ್ಲ. ಲಾರಿಗಳ ನಡುವೆ, ಆ ತಿರುವುಗಳಲ್ಲಿ ಗೇರು ಇಳಿಸಲಾಗದಿದ್ದರೆ ಗತಿಯೇನು? ಪೇಟೆಯಿಂದ ಮೆಕ್ಯಾನಿಕ್‌ನನ್ನು ಕರೆಸಿದೆ.

ಇಂಜಿನ್ ಆಯಿಲ್ ಮಾತು ಕೇಳಿ ಆತ ಕೈಮುಗಿದ. ಅದು ತಾಗಿದರೆ ಒಳಗಿನ ರಬ್ಬರ್ ಸೀಲು ಉಬ್ಬಿ ಹಾಳಾಗುತ್ತದಂತೆ. ನಮ್ಮ ಸಾಮಾನ್ಯ ಬೈಕುಗಳಲ್ಲಿ ಕ್ಲಚ್ಚಿಗೆ ತಂತಿ ಇರುತ್ತದೆ. ಈ ಬೈಕಿನಲ್ಲಿ ತಂತಿಯ ಕೆಲಸವನ್ನು ಎಣ್ಣೆ ಮಾಡುತ್ತದೆ. ಹಿಡಿಕೆ ಅದುಮಿದರೆ ಮೇಲಿನ ಪುಟ್ಟ ಡಬ್ಬಿಯ ಎಣ್ಣೆ ಕೊಳವೆಯಲ್ಲಿ ಒತ್ತಿಕೊಂಡು ಹೋಗಿ, ಇಂಜಿನ್ ಪಕ್ಕದ ಸಿಲಿಂಡರಿನ ಪಿಸ್ಟನ್ ತಳ್ಳುತ್ತದೆ. ಅಲ್ಲಿಯ ಸೀಲು ಸವೆದಿತ್ತು. ಡಬ್ಬಿಯ ಮುಚ್ಚಳದ ಮೇಲೆ 'ಡಾಟ್ 4' ಎಂದಿತ್ತು, ಅದನ್ನೇ ಹಾಕಬೇಕು. ಕೆಲವು ಬೈಕುಗಳಿಗೆ ಬೇರೆ ಜಾತಿಯ ಎಣ್ಣೆ, ಆದ್ದರಿಂದ ಮುಚ್ಚಳ ಓದದೆ ಹೊಯ್ಯಬಾರದು.

ಸೀಲು ಶಿರಸಿಯಲ್ಲಿ ಸಿಗಲಿಲ್ಲ. ಹುಬ್ಬಳ್ಳಿಗೆ ಫೋನು ಮಾಡಿ, ಮರುದಿನ ಮಧ್ಯಾಹ್ನದ ಬಸ್ಸಿಗೆ ತರಿಸಿದ್ದಾಯಿತು. ಮಾಣಿಗೆ ಒಂದು ದಿನ ಹೆಚ್ಚಿಗೆ ಅಪ್ಪೆಹುಳಿ ಸಿಕ್ಕಿತು ಬಿಡಿ! ಸಿಲಿಂಡರ್ ಬಿಚ್ಚಿ ಒರೆಸಿ, ಒಳಗೆ ತುಕ್ಕಿನ ಗುಳಿ ಇಲ್ಲವೆಂದು ನೋಡಿ, ಹೊಸ ಸೀಲಿಗೆ ಅದೇ ಎಣ್ಣೆ ಸವರಿ ಕೂರಿಸಿದ. ಕೊಳವೆಯ ಬೋಲ್ಟಿಗೆ ತಾಮ್ರದ ವಾಷರುಗಳನ್ನೂ ಹೊಸತೇ ಹಾಕಿದ.

ಇನ್ನು ಗಾಳಿ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು. ಹಿಡಿಕೆ ಅದುಮುವ ಪಾಲು ನನ್ನದಾಯಿತು. ಅದುಮಿ ಹಿಡಿದಾಗ ಆತ ಕೆಳಗಿನ ನಿಪ್ಪಲ್ ಸಡಿಲಿಸುತ್ತಾನೆ; ಪಾರದರ್ಶಕ ಪೈಪಿನಲ್ಲಿ ಮಜ್ಜಿಗೆ ನೊರೆಯ ಹಾಗೆ ಗುಳ್ಳೆ ಬರುತ್ತದೆ. ಆತ ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ನಾನು ಕೈ ಬಿಡಬೇಕು. ಒಮ್ಮೆ ಅವಸರಕ್ಕೆ ಬಿಟ್ಟೆ ನೋಡಿ, ಗಾಳಿ ಮತ್ತೆ ಒಳಗೆ ಹೋಯಿತು! ಮೇಲಿನ ಡಬ್ಬಿ ಬರಿದಾಗದಂತೆ ಎಣ್ಣೆ ತುಂಬುತ್ತಲೂ ಇರಬೇಕು. ಆಗ ನಾಲ್ಕು ಹನಿ ಟ್ಯಾಂಕಿನ ಮೇಲೆ ಚೆಲ್ಲಿತು. ಆ ಎಣ್ಣೆ ಬಣ್ಣವನ್ನೇ ತಿನ್ನುತ್ತದೆಂದು ಕೂಡಲೇ ಒಂದು ಚೊಂಬು ನೀರು ಹೊಯ್ಯಿಸಿದ. ಗುಳ್ಳೆ ನಿಂತ ಮೇಲೆ ಹಿಡಿಕೆ ಗಟ್ಟಿಯಾಯಿತು.

ನಿಮ್ಮ ಮನೆಯ ಬೈಕಿಗೆ ತಂತಿಯ ಕ್ಲಚ್ಚೇ ಇರಬಹುದು. ಆದರೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಇದ್ದರೆ ಅದೂ ಇದೇ ಎಣ್ಣೆಯದು. ಮಳೆಗಾಲದಲ್ಲಿ ಉಪ್ಪು ನೀರೊಡೆಯುವಂತೆ ಈ ಎಣ್ಣೆ ಗಾಳಿಯ ತೇವ ಹೀರುತ್ತದೆ. ಘಟ್ಟ ಇಳಿಯುವಾಗ ಬ್ರೇಕು ಕಾದರೆ ಆ ನೀರು ಆವಿಯಾಗಿ ಬ್ರೇಕು ಹಿಡಿಯದೇ ಹೋಗಬಹುದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಂತೆ. ನಮ್ಮ ಮನೆಯ ಬೈಕಿನದು ತಂದಾಗಿನಿಂದ ಬದಲಿಸಿಯೇ ಇರಲಿಲ್ಲ!

ಮಾರನೆಯ ದಿನ ಮಾಣಿ ಅಂಕೋಲೆ ಮುಟ್ಟಿ ಫೋನು ಮಾಡಿದ. ಅವನು ಉಳಿದ ಎಣ್ಣೆಯನ್ನು ಹಳೇ ಶೇಂಗಾ ಎಣ್ಣೆ ಬಾಟಲಿಗೆ ಹೊಯ್ದು, ಅಡುಗೆಮನೆ ಕಿಟಕಿಯಲ್ಲಿ ಇಟ್ಟು ಹೋಗಿದ್ದ. ಬಣ್ಣ ಥೇಟ್ ಅಡುಗೆ ಎಣ್ಣೆಯದೇ, ಹೊಟ್ಟೆಗೆ ಹೋದರೆ ವಿಷ! ಒಗ್ಗರಣೆಗೆ ಕೈ ಹಾಕಿದವಳು ವಾಸನೆಗೆ ಬೆಚ್ಚಿದೆ. ಅಂದೇ ಬಾಟಲಿಯನ್ನು ಗ್ಯಾರೇಜಿಗೆ ಕಳಿಸಿಬಿಟ್ಟೆ.