ನೋಡಲು ಕಲಿಸಿದ ಗುರು

ನಮ್ಮ ವಕ್ಕಲೇರಿಯ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ತಾಮ್ರಶಾಸನದ ಮೂಲಕ ಬಲ್ಲರು. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನು 757ರಲ್ಲಿ ಹೊರಡಿಸಿದ ಆ ಶಾಸನವೂ ಓದಬಲ್ಲವರ ಕೈಸೇರುವ ತನಕ ಕೇವಲ ಲೋಹ. ಟೆಂಟಿನ ಮರಳಿನ ಮೇಲೆ ಕುಳಿತು ನಾವು ಬಾಲ್ಯದಲ್ಲಿ ಕಂಡ ಚಲಚ್ಚಿತ್ರಗಳ ಗತಿಯೂ ಅದೇ ಆಗಿತ್ತು. ನೋಡಿದ್ದು ಬಹಳ, ಓದಿದ್ದು ಏನೂ ಇಲ್ಲ.

ಚಲಚ್ಚಿತ್ರವನ್ನೂ ಓದಬೇಕು, ಓದುವುದನ್ನು ಕಲಿಸಲೂಬಹುದು ಎಂದು ನಂಬಿ ಅದಕ್ಕಾಗಿಯೇ ಬಾಳನ್ನು ಮುಡಿಪಿಟ್ಟವರು ಪ್ರೊಫೆಸರ್ ಸತೀಶ್ ಬಹಾದೂರ್. ಆಗ್ರಾದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದ ಅವರು 1963ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟನ್ನು ಸೇರಿದರು. ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಆ ಸಂಸ್ಥೆ ಹುಟ್ಟಿ ಆಗ ಮೂರೇ ವರ್ಷ. ಕ್ಯಾಮೆರಾ, ಸಂಕಲನ, ಶಬ್ದಗ್ರಹಣಗಳನ್ನು ಕಲಿಸಲು ಅಲ್ಲಿ ಬೇರೆಯವರಿದ್ದರು. ಬಹಾದೂರರ ಪಾಲಿಗೆ ಬಂದದ್ದು ರಸಗ್ರಹಣ. ಸತ್ಯಜಿತ್ ರಾಯ್ ಅವರ 1955ರ ‘ಪಥೇರ್ ಪಾಂಚಾಲಿ’ಯನ್ನು ಅವರು ಕಾವ್ಯದ ಪಠ್ಯವೆಂಬಂತೆ ಬಿಡಿಸಿ ಬಿಡಿಸಿ ನೋಡಿದರು. ಹೀಗೆ ಸೀಳಿದರೆ ರಸ ಸೋರಿಹೋಗದೇ ಎಂದು ಸಂಶಯಪಡುವವರುಂಟು. ನಾನೂ ಒಮ್ಮೆ ಅವರಲ್ಲೊಬ್ಬನಾಗಿದ್ದೆ.

ಅವರನ್ನು ನಾನು ಕಣ್ಣಾರೆ ಕಂಡವನಲ್ಲ. ಕೆ.ವಿ. ಸುಬ್ಬಣ್ಣನವರ ಆಹ್ವಾನದ ಮೇರೆಗೆ ಬಹಾದೂರರೂ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರರೂ ಮಲೆನಾಡಿನ ಹೆಗ್ಗೋಡಿಗೆ ಬಂದು, ನೀನಾಸಮ್ ಶಿಬಿರಗಳಲ್ಲಿ ಹಳ್ಳಿಗರಿಗೂ ಉಪಾಧ್ಯಾಯರಿಗೂ ಪಾಠ ಹೇಳಿದರು. ಪುಣೆಯ ವಿದ್ಯಾರ್ಥಿಗೆ ಯಾವ ಚಿತ್ರವೋ ಅಡಿಕೆ ತೋಟದವನಿಗೂ ಅದೇ ಚಿತ್ರ. ಈ ಔದಾರ್ಯ ಸಾಮಾನ್ಯವಾದುದಲ್ಲ. ಮಾಲೂರು ತಾಲ್ಲೂಕಿನ ನನ್ನ ಉಪಾಧ್ಯಾಯ ಮಿತ್ರರೊಬ್ಬರು ಅಂಥ ಶಿಬಿರಕ್ಕೆ ಹೋಗಿಬಂದವರು. ನಾನು ಅವರ ಶಿಷ್ಯ, ಬಹಾದೂರರಿಗೆ ಪ್ರಶಿಷ್ಯ.

ಮಿತ್ರರು ಒಂದು ಸಂಜೆ ಶಾಲೆಯ ಕೊಠಡಿಯಲ್ಲಿ ಆ ಚಿತ್ರವನ್ನು ತೋರಿಸಿದರು. ಮಗಳು ದುರ್ಗಾ ತೀರಿಕೊಂಡದ್ದನ್ನರಿಯದೆ ತಂದೆ ಊರಿಗೆ ಮರಳಿ, ಅವಳಿಗಾಗಿ ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಸರ್ವಜಯಾ ಸೀರೆಯನ್ನು ಹಲ್ಲಿನಲ್ಲಿ ಕಚ್ಚಿ ಕುಸಿಯುತ್ತಾಳೆ. ಮಿತ್ರರು ಯಂತ್ರವನ್ನು ನಿಲ್ಲಿಸಿ, “ತಾಯಿಯ ಅಳುವನ್ನು ಕೇಳಿದಿರಾ?” ಎಂದರು. ಕೇಳಿದೆ, ಕರುಳು ಕಿತ್ತುಬರುವಂತಿತ್ತು ಎಂದು ನಾನೇ ಮುಂದಾಗಿ ಹೇಳಿದೆ. ರೀಲನ್ನು ಹಿಂದಕ್ಕೆ ಸುತ್ತಿ ಮತ್ತೆ ತೋರಿಸಿದರು. ಅಳುವಿನ ದನಿಯೇ ಅಲ್ಲಿಲ್ಲ! ಬಾಯಿ ತೆರೆದಿದೆ, ಕೇಳುವುದು ತಾರ್ ಶಹನಾಯಿಯ ಏರುಸ್ವರ ಮಾತ್ರ.

ಇದನ್ನು ಬರೆಯಲು ನಾನು ಅನೇಕ ವರ್ಷ ಹಿಂಜರಿದಿದ್ದೇನೆ. ನನ್ನ ತಂಗಿ ಒಂಬತ್ತನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡ ದಿನ ಅಮ್ಮ ಅಳಲಿಲ್ಲ. ಕಲ್ಲೆದೆಯವಳೆಂದು ಬಂಧುಗಳು ಆಡಿಕೊಂಡರು. ನಾನೂ ಹಾಗೆಯೇ ತಿಳಿದಿದ್ದೆ. ಹದಿನೈದು ವರ್ಷ ಅವಳೊಡನೆ ಒಂದೇ ಮನೆಯಲ್ಲಿದ್ದೂ ಅವಳ ಮುಖವನ್ನು ನಾನು ಎರಡನೆಯ ಸಲ ನೋಡಿರಲಿಲ್ಲ.

ಪ್ರಶ್ನೋತ್ತರಕ್ಕೆ ನಿಲ್ಲದೆ ಮನೆಗೆ ಬಂದೆ. ಅಮ್ಮ ಒಲೆಯ ಮುಂದೆ ಕುಳಿತು ಮುದ್ದೆ ತೊಳಸುತ್ತಿದ್ದಳು. ತಂಗಿಯ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾನು ಎತ್ತಿದೆ. ಅಮ್ಮ ಕೋಲನ್ನು ಬದಿಗಿಟ್ಟು, ಒಳಗಿನ ಪೆಟ್ಟಿಗೆಯಿಂದ ಒಂದು ಪುಟ್ಟ ಲಂಗವನ್ನು ತಂದು ನನ್ನ ಮುಂದೆ ಹರಡಿದಳು. ಅದರ ಮಡಿಕೆ ಹೊಸದಾಗಿತ್ತು.